ಮುದಿ ಇಲಿ ಮರೆತಿದೆಯೋ, ಚಳಿಗೆ ನಡುಗುತ್ತಿದೆಯೋ? ವಾಟರ್ ಮೇಝ್‌ನಲ್ಲಿ ದೋಷ ಹುಡುಕುವ ಬಗೆ

22 ತಿಂಗಳ ಇಲಿಯನ್ನು ವಾಟರ್ ಮೇಝ್‌ಗೆ, ಅಂದರೆ ನೆನಪು ಪರೀಕ್ಷಿಸುವ ನೀರಿನ ತೊಟ್ಟಿಗೆ ಬಿಟ್ಟಿದ್ದೀರಿ. 60 ಸೆಕೆಂಡ್ ಆಯಿತು, ನೀರಲ್ಲಿ ಮುಳುಗಿಸಿಟ್ಟ ಮಣೆ ಅದಕ್ಕೆ ಸಿಗಲಿಲ್ಲ. ಮರುದಿನವೂ ಹಾಗೇ. ಐದನೇ ದಿನವೂ ಹೆಚ್ಚು ಕಡಿಮೆ ಹಾಗೇ. ಅದೇ ತೊಟ್ಟಿಯಲ್ಲಿ 4 ತಿಂಗಳ ಇಲಿಗಳು 15 ಸೆಕೆಂಡಿಗೆಲ್ಲ ಮಣೆ ಹತ್ತಿ ಕೂರುತ್ತಿವೆ. ಗ್ರಾಫ್ ಹಾಕಿದರೆ ಎರಡು ಗೆರೆಗಳ ನಡುವೆ ದೊಡ್ಡ ಅಂತರ. ವಯಸ್ಸಾದ ಇಲಿಗೆ ನೆನಪು ಕುಂದಿದೆ ಅಂತ ಬರೆದುಬಿಡೋಣ ಅನ್ನಿಸುತ್ತದೆ, ಅಲ್ವಾ?

ಸ್ವಲ್ಪ ತಡೆಯಿರಿ. ಆ ಅಂತರ ನೆನಪಿನದ್ದೇ ಇರಬಹುದು. ಕಣ್ಣಿನದ್ದೂ ಇರಬಹುದು. ಕೀಲು ನೋವಿನದ್ದು, ಚಳಿಯದ್ದು, ಹೆದರಿಕೆಯದ್ದೂ ಇರಬಹುದು. ಮೇಲಿರುವ ಕ್ಯಾಮೆರಾಗೆ ಇವೆಲ್ಲ ಒಂದೇ ಥರ ಕಾಣುತ್ತವೆ: 60 ಸೆಕೆಂಡ್, ಮಣೆ ಸಿಗಲಿಲ್ಲ. ಈ ಕಾರಣಗಳನ್ನು ಒಂದೊಂದಾಗಿ ಹೇಗೆ ಬೇರ್ಪಡಿಸುವುದು ಅನ್ನುವುದನ್ನು ಇಲ್ಲಿ ಬರೆದಿದ್ದೇನೆ. ಯಾವುದನ್ನು ಮೊದಲು ನೋಡಬೇಕೋ ಅದೇ ಕ್ರಮದಲ್ಲಿದೆ.

ಇಲ್ಲಿ ಇಲಿ ಅಂದರೆ ಮೌಸ್, ಅದಕ್ಕಿಂತ ದೊಡ್ಡದಾದ ರ್ಯಾಟ್ ಅಲ್ಲ. ಈ ವ್ಯತ್ಯಾಸ ಮುಂದೆ ತುಂಬ ಮುಖ್ಯವಾಗುತ್ತದೆ.

ಪರೀಕ್ಷೆ ಕೇಳುವುದೇನು

ನರವಿಜ್ಞಾನಿ ರಿಚರ್ಡ್ ಮಾರಿಸ್ ಈ ತೊಟ್ಟಿಯನ್ನು 1981ರಲ್ಲಿ ಪರಿಚಯಿಸಿದರು. ದುಂಡನೆಯ ತೊಟ್ಟಿ, ಒಳಗೆ ಬೆಳ್ಳಗೆ ಕದಡಿದ ನೀರು. ನೀರಿನ ಮಟ್ಟಕ್ಕಿಂತ ಸುಮಾರು 1 ಸೆಂ.ಮೀ. ಕೆಳಗೆ ಒಂದು ಪುಟ್ಟ ಪ್ಲಾಟ್‌ಫಾರ್ಮ್ ಮುಳುಗಿರುತ್ತದೆ. ನಾವು ಲ್ಯಾಬಿನಲ್ಲಿ ಅದನ್ನು ಮಣೆ ಅಂತಲೇ ಕರೆಯುತ್ತೇವೆ. ಇಲಿಗೆ ಮಣೆ ಕಾಣುವುದಿಲ್ಲ. ಗೋಡೆಗೆ ಅಂಟಿಸಿದ ದೊಡ್ಡ ಚಿತ್ರಗಳು, ಬಾಗಿಲು, ಕಪಾಟು ಇವನ್ನು ನೋಡಿ ಮಣೆಯ ಜಾಗವನ್ನು ನೆನಪಿಟ್ಟುಕೊಳ್ಳಬೇಕು. ಸಾಮಾನ್ಯವಾಗಿ ದಿನಕ್ಕೆ 4 ಟ್ರಯಲ್, 5 ದಿನ ಅಥವಾ ಇನ್ನೂ ಜಾಸ್ತಿ. ಪ್ರತಿ ಸಲ ಬೇರೆ ಕಡೆಯಿಂದ ಬಿಡುತ್ತೇವೆ. ಕೊನೆಗೆ ಮಣೆಯನ್ನೇ ತೆಗೆದು, ಇಲಿ ಎಲ್ಲಿ ಹುಡುಕುತ್ತದೆ ಅಂತ ನೋಡುತ್ತೇವೆ. ಅದೇ ಪ್ರೋಬ್ ಟ್ರಯಲ್.

1982ರಲ್ಲಿ ಮಾರಿಸ್ ಮತ್ತು ಸಂಗಡಿಗರು ಹಿಪೊಕ್ಯಾಂಪಸ್‌ಗೆ (ಜಾಗದ ನೆನಪಿಗೆ ಬೇಕಾದ ಮಿದುಳಿನ ಭಾಗ) ಹಾನಿಯಾದ ರ್ಯಾಟ್‌ಗಳನ್ನು ಇದೇ ತೊಟ್ಟಿಯಲ್ಲಿ ಪರೀಕ್ಷಿಸಿದರು. ಮುಳುಗಿದ ಮಣೆಯ ಜಾಗವನ್ನು ಅವು ಕಲಿಯಲಾರದೆ ಹೋದವು. ಕಣ್ಣಿಗೆ ಕಾಣುವ ಮಣೆ ಇಟ್ಟಾಗ ಮಾತ್ರ ಸರಿಯಾಗಿ ಅಲ್ಲಿಗೇ ಈಜಿದವು. ಆ ಕೆಲಸದ ತೂಕವೆಲ್ಲ ಈ ಎರಡನೇ ಭಾಗದಲ್ಲಿದೆ ಅಂತ ನನ್ನ ಅನಿಸಿಕೆ. ಈಜಲು ಬರುತ್ತದೆ, ಕಣ್ಣು ಕಾಣುತ್ತದೆ, ಮಣೆ ಹತ್ತುವ ಆಸೆಯೂ ಇದೆ ಅಂತ ತೋರಿಸಿದ ಮೇಲೆ ಮಾತ್ರ "ಜಾಗ ನೆನಪಿಲ್ಲ" ಅನ್ನುವ ಮಾತಿಗೆ ಬೆಲೆ. ಮುದಿ ಇಲಿಗಳ ಜೊತೆ ಕೆಲಸ ಮಾಡುವವರು ಎಷ್ಟೋ ಸಲ ಬಿಟ್ಟುಬಿಡುವುದೂ ಇದೇ ಭಾಗವನ್ನು.

ಇನ್ನೊಂದು ವಿಷಯ. ಈ ತೊಟ್ಟಿ ಹುಟ್ಟಿದ್ದು ರ್ಯಾಟ್‌ಗಾಗಿ. ರ್ಯಾಟ್ ಒಳ್ಳೆ ಈಜುಗಾರ, ಮೈಯೂ ದೊಡ್ಡದು. ಇಲಿ ಅದರ ಹತ್ತನೇ ಒಂದು ಭಾಗದಷ್ಟು ತೂಗುತ್ತದೆ. ಅಷ್ಟು ಚಿಕ್ಕ ಮೈ ನೀರಲ್ಲಿ ಬಿಸಿಯನ್ನು ಬೇಗ ಕಳೆದುಕೊಳ್ಳುತ್ತದೆ. ನಮ್ಮ ಮೊದಲ ದೊಡ್ಡ ತಪ್ಪು ಆಗಿದ್ದೂ ಇಲ್ಲೇ.

ಮೊದಲು ಲಾಗ್ ಪುಸ್ತಕ ತೆಗೆಯಿರಿ

ನಾನು ಕೆಲಸ ಮಾಡುತ್ತಿದ್ದ ಲ್ಯಾಬಿನಲ್ಲಿ ಒಂದು ಗುಂಪು ಮುದಿ ಇಲಿಗಳಿದ್ದವು. ಒಟ್ಟು 11. ಎಲ್ಲವೂ ನಾವೇ ಸುಮಾರು ಎರಡು ವರ್ಷ ಸಾಕಿದವು. ನಮ್ಮಲ್ಲಿ ಬೇಕಾದಾಗ ಹೋಗಿ ಮುದಿ ಇಲಿ ಕೊಂಡು ತರುವುದು ಸುಲಭವಲ್ಲ. ಒಂದೊಂದು ಇಲಿಯ ಹಿಂದೆಯೂ ಎರಡು ವರ್ಷದ ಆಹಾರ, ಹಾಸು, ಭಾನುವಾರದ ಡ್ಯೂಟಿ ಎಲ್ಲ ಇರುತ್ತದೆ. ಅವು ತೊಟ್ಟಿಯಲ್ಲಿ ಸೋತಾಗ ನಮಗೆ ಬೇಜಾರಾಯಿತು. ಆದರೂ ವಯಸ್ಸಾಗಿದೆ, ಇದು ನಿರೀಕ್ಷಿತವೇ ಅಂದುಕೊಂಡೆವು.

ಅನುಮಾನ ಹುಟ್ಟಿಸಿದ್ದು ಒಂದು ಸಣ್ಣ ಸಂಗತಿ. ಐದೂ ದಿನ ಮುದಿ ಇಲಿಗಳ ಸರದಿ ಬಂದದ್ದು ಮಧ್ಯಾಹ್ನದ ಮೇಲೆ. ಅವುಗಳ ಪಂಜರಗಳು ರ್ಯಾಕಿನ ಕೆಳಗಿನ ಸಾಲಿನಲ್ಲಿದ್ದವು. ನಾವು ಮೇಲಿನಿಂದ ಒಂದೊಂದೇ ತೆಗೆದು ಪರೀಕ್ಷಿಸುತ್ತಿದ್ದೆವು. ನೀರಿನ ತಾಪ ಅಳೆಯುತ್ತಿದ್ದುದು ಬೆಳಗ್ಗೆ ಒಂದೇ ಸಲ, ಆಗ 22 ಡಿಗ್ರಿ. ಮಧ್ಯಾಹ್ನ ಥರ್ಮಾಮೀಟರ್ ಇಟ್ಟು ನೋಡಿದರೆ 18ರ ಹತ್ತಿರ ಇತ್ತು. ಎಸಿ ಹಾಕಿದ ಕೋಣೆ, ತೆರೆದ ತೊಟ್ಟಿ. ನೀರು ಆವಿಯಾಗುತ್ತಾ ತಣ್ಣಗಾಗುತ್ತಲೇ ಹೋಗಿತ್ತು. ಎಳೆ ಇಲಿಗಳಿಗೆ ಬೆಚ್ಚಗಿನ ನೀರು ಸಿಕ್ಕಿತ್ತು, ಮುದಿ ಇಲಿಗಳಿಗೆ ತಣ್ಣೀರು. ನಮ್ಮ ಗ್ರಾಫಿನ ಅಂತರದಲ್ಲಿ ಎಷ್ಟು ವಯಸ್ಸಿನದ್ದು, ಎಷ್ಟು ಎಸಿಯದ್ದು ಅಂತ ಹೇಳಲು ಯಾವ ದಾರಿಯೂ ಉಳಿದಿರಲಿಲ್ಲ.

ಹಾಗಾಗಿ ಮೊದಲು ನೋಡಬೇಕಾದದ್ದು ಲಾಗ್ ಪುಸ್ತಕ. ಯಾವ ಇಲಿ ಯಾವ ಹೊತ್ತಿಗೆ ಈಜಿತು? ಆಗ ನೀರು ಎಷ್ಟು ಡಿಗ್ರಿ ಇತ್ತು? ಎತ್ತಿಕೊಂಡವರು ಯಾರು? ಒಂದು ಗುಂಪು ಒಂದೇ ಹೊತ್ತಿಗೆ, ಒಬ್ಬರದೇ ಕೈಯಲ್ಲಿ ಬಂದಿದ್ದರೆ ಮುಂದಿನ ಯಾವ ಲೆಕ್ಕವೂ ಆ ತಪ್ಪನ್ನು ಸರಿಮಾಡುವುದಿಲ್ಲ. ಎಳೆ ಮತ್ತು ಮುದಿ ಇಲಿಗಳನ್ನು ಬೆರೆಸಿ ಸರದಿ ಹಾಕಿ. ಸರದಿಯನ್ನು ಚೀಟಿ ಎತ್ತಿಯೋ ಕಂಪ್ಯೂಟರ್‌ನಿಂದಲೋ ತೆಗೆಯಿರಿ. ತೋಚಿದ ಹಾಗೆ ಬೆರೆಸಿದರೆ ಸಾಲದು, ಕೈ ತನಗೆ ಗೊತ್ತಿಲ್ಲದೆಯೇ ಹತ್ತಿರದ ಪಂಜರಕ್ಕೆ ಹೋಗುತ್ತದೆ.

ನೀರು, ಚಳಿ, ತೇಲುವ ಇಲಿ

ಲಕ್ಷಣ ಹೀಗಿರುತ್ತದೆ. ಇಲಿ ಮೊದಲ ಟ್ರಯಲ್‌ನಲ್ಲಿ ಪರವಾಗಿಲ್ಲ ಅನ್ನುವಷ್ಟು ಈಜುತ್ತದೆ. ಮೂರನೆಯದರಲ್ಲಿ ನಿಧಾನ. ನಾಲ್ಕನೆಯದರಲ್ಲಿ ಕಾಲು ಆಡಿಸುವುದನ್ನು ನಿಲ್ಲಿಸಿ ಸುಮ್ನೆ ತೇಲುತ್ತದೆ. ಮರುದಿನ ಬೆಳಗ್ಗೆ ಮತ್ತೆ ಚೆನ್ನಾಗಿ ಶುರುಮಾಡಿ ನಾಲ್ಕನೆಯದರಲ್ಲಿ ಕುಸಿಯುತ್ತದೆ.

ನೆನಪಿನ ತೊಂದರೆ ಹೀಗೆ ಗಡಿಯಾರ ನೋಡಿಕೊಂಡು ಬರುವುದಿಲ್ಲ. ಕಲಿಯದ ಇಲಿ ನಾಲ್ಕೂ ಟ್ರಯಲ್‌ಗಳಲ್ಲಿ ಒಂದೇ ರೀತಿ ಅಲೆಯುತ್ತದೆ. ಒಂದೇ ದಿನದೊಳಗೆ ಟ್ರಯಲ್‌ನಿಂದ ಟ್ರಯಲ್‌ಗೆ ಹದಗೆಡುತ್ತಾ ಹೋದರೆ ಚಳಿ ಅಥವಾ ಸುಸ್ತು ಅಂತಲೇ ಮೊದಲು ಸಂಶಯಪಡಿ. ಪ್ರತಿ ಟ್ರಯಲ್‌ನ ಅಂಕಿಯನ್ನು ಬೇರೆಬೇರೆಯಾಗಿ ಗ್ರಾಫ್ ಮಾಡಿದರೆ ಇದು ಕಣ್ಣಿಗೆ ಹೊಡೆದ ಹಾಗೆ ಕಾಣುತ್ತದೆ. ದಿನದ ಸರಾಸರಿ ಹಾಕಿದರೆ ಪೂರ್ತಿ ಮುಚ್ಚಿಹೋಗುತ್ತದೆ. ಸರಾಸರಿಯ ಗ್ರಾಫನ್ನೇ ಮೊದಲು ನೋಡುವ ಅಭ್ಯಾಸ ಬಿಡಿ ಅಂತ ನಾನು ಹೊಸಬರಿಗೆಲ್ಲ ಹೇಳುತ್ತೇನೆ.

ಖಚಿತ ಮಾಡಿಕೊಳ್ಳಲು ತೊಟ್ಟಿಯಿಂದ ಎತ್ತಿದ ಕೂಡಲೇ ಮೈಯ ತಾಪ ಅಳೆಯಬಹುದು. ಇಲಿಯ ಮೈ ಸಾಮಾನ್ಯವಾಗಿ 37 ಡಿಗ್ರಿಯ ಆಸುಪಾಸು. ತಣ್ಣೀರಲ್ಲಿ ಒಂದು ನಿಮಿಷ ಈಜಿದರೂ ಅದು ಹಲವು ಡಿಗ್ರಿ ಇಳಿಯಬಹುದು. ಮುಂದಿನ ಟ್ರಯಲ್‌ಗೆ ಮುಂಚೆ ಅದು ಮೊದಲಿನ ಮಟ್ಟಕ್ಕೆ ಬಂದಿರದಿದ್ದರೆ ನೀವು ಅಳೆಯುತ್ತಿರುವುದು ಚಳಿ ತಡೆಯುವ ಶಕ್ತಿಯನ್ನು. ಪರೀಕ್ಷೆಯ ಇಲಿಗಳನ್ನು ಥರ್ಮಾಮೀಟರ್‌ನಿಂದ ಗಾಬರಿಪಡಿಸುವುದು ಬೇಡ. ಪರೀಕ್ಷೆಯಲ್ಲಿ ಇಲ್ಲದ ಒಂದೆರಡು ಅದೇ ವಯಸ್ಸಿನ ಇಲಿಗಳಲ್ಲಿ ನೋಡಿದರೆ ಸಾಕು.

ಸರಿಪಡಿಸುವುದು ಕಷ್ಟವಲ್ಲ, ತಾಳ್ಮೆ ಬೇಕು ಅಷ್ಟೇ. ಎಳೆ ಇಲಿಗಳಿಗೆ 20ರಿಂದ 22 ಡಿಗ್ರಿ ನೀರು ಬಳಸುವುದು ರೂಢಿ. ಗುಂಪಿನಲ್ಲಿ ಮುದಿ ಇಲಿಗಳಿದ್ದರೆ ನಾನು ಎಲ್ಲರಿಗೂ 24 ಡಿಗ್ರಿ ಇಡುತ್ತೇನೆ. ತೀರಾ ಬೆಚ್ಚಗಾದರೆ ಬೇರೆ ತೊಂದರೆ, ಇಲಿ ಹಾಯಾಗಿ ತೇಲುತ್ತದೆ, ಹೊರಬರುವ ಆತುರವೇ ಇರುವುದಿಲ್ಲ. ಎರಡು ಟ್ರಯಲ್‌ಗಳ ನಡುವೆ ಕನಿಷ್ಠ 15 ನಿಮಿಷ ಬಿಡಿ, ಸಾಧ್ಯವಾದರೆ ಅರ್ಧ ಗಂಟೆ. ಟವೆಲಿನಿಂದ ಒರೆಸಿ ಪಂಜರದಲ್ಲಿ ಬಿಡಿ. ಪಂಜರದ ಅರ್ಧ ಭಾಗ ಮಾತ್ರ ಹೀಟಿಂಗ್ ಪ್ಯಾಡ್ ಮೇಲಿರಲಿ. ಸೆಕೆಯಾದರೆ ಇಲಿ ತಾನೇ ಆಚೆ ಸರಿದುಕೊಳ್ಳುತ್ತದೆ.

ನೀರಿನ ಲೆಕ್ಕವನ್ನೂ ಮೊದಲೇ ಹಾಕಿಟ್ಟುಕೊಳ್ಳಿ. 120 ಸೆಂ.ಮೀ. ಅಗಲದ ತೊಟ್ಟಿಯಲ್ಲಿ 30 ಸೆಂ.ಮೀ. ನೀರು ತುಂಬಿದರೆ ಸುಮಾರು 340 ಲೀಟರ್. 2 ಕಿಲೋವ್ಯಾಟ್ ಹೀಟರ್ ಇಷ್ಟು ನೀರನ್ನು 1 ಡಿಗ್ರಿ ಏರಿಸಲು ಸುಮಾರು 12 ನಿಮಿಷ ತೆಗೆದುಕೊಳ್ಳುತ್ತದೆ. 18ರಿಂದ 24ಕ್ಕೆ ತರಲು ಒಂದು ಗಂಟೆಗಿಂತ ಜಾಸ್ತಿ ಬೇಕು. ಬೆಂಗಳೂರಿನ ಡಿಸೆಂಬರ್ ಬೆಳಗ್ಗೆಯ ನಲ್ಲಿ ನೀರಾದರೆ ಇನ್ನೂ ಬೇಗ ಎದ್ದು ಬರಬೇಕು. ಇಲಿ ಬಿಡುವ ಮೊದಲು ಹೀಟರನ್ನು ಹೊರಗೆ ತೆಗೆಯುವುದು, ಪ್ಲಗ್ ಕಿತ್ತಿಡುವುದು, ನೀರನ್ನು ಚೆನ್ನಾಗಿ ಕಲಕುವುದು ಮರೆಯಬೇಡಿ. ಕಲಕದಿದ್ದರೆ ಮೇಲೆ ಬಿಸಿ, ಕೆಳಗೆ ತಣ್ಣಗೆ. ತಾಪವನ್ನು ಪ್ರತಿ ನಾಲ್ಕೈದು ಇಲಿಗೊಮ್ಮೆ ಬರೆದಿಡಿ.

ತೇಲುವ ಇಲಿಯನ್ನು ಕೋಲಿನಿಂದ ತಿವಿದು ಈಜಿಸುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಅದು ಇಲಿಗೂ ಹಿಂಸೆ, ಸಿಗುವ ಅಂಕಿಯೂ ಕೆಲಸಕ್ಕೆ ಬಾರದು. ಮುದಿ ಇಲಿ ಮೂಗು ಮುಳುಗಿಸುತ್ತಿದ್ದರೆ ಟೈಮರ್ ನೋಡದೆ ತಕ್ಷಣ ಎತ್ತಿ. ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಗೆ ಕೊಡುವ ಅರ್ಜಿಯಲ್ಲೇ ಯಾವಾಗ ಎತ್ತುತ್ತೇವೆ ಅಂತ ಸ್ಪಷ್ಟವಾಗಿ ಬರೆದಿರಬೇಕು.

ಕಣ್ಣು ಕಾಣುತ್ತಿದೆಯೇ?

ಗೋಡೆಯ ಚಿತ್ರ ನೋಡಿ ದಾರಿ ಹುಡುಕಬೇಕಾದ ಪರೀಕ್ಷೆಯಲ್ಲಿ ಕಣ್ಣೇ ಮಂಜಾಗಿದ್ದರೆ ಉಳಿದ ಮಾತೆಲ್ಲ ವ್ಯರ್ಥ. ಮುದಿ ಇಲಿಗಳಿಗೆ ಪೊರೆ ಬರುತ್ತದೆ. ಕೈಯಲ್ಲಿ ಹಿಡಿದು ಟಾರ್ಚ್ ಬೆಳಕಲ್ಲಿ ನೋಡಿದರೆ ಬೆಳ್ಳನೆಯ ಪೊರೆ ಬರಿಗಣ್ಣಿಗೇ ಕಾಣುತ್ತದೆ. ಕಣ್ಣಿನ ಹಿಂಬದಿಯಲ್ಲಿ ಬೆಳಕು ಗ್ರಹಿಸುವ ಪದರ, ಅಂದರೆ ರೆಟಿನಾ ಹದಗೆಟ್ಟಿದ್ದರೆ ಮಾತ್ರ ಹೊರಗಿನಿಂದ ಏನೂ ತಿಳಿಯುವುದಿಲ್ಲ.

ತಳಿಯನ್ನು ಮೊದಲು ವಿಚಾರಿಸಿ. ಸಿ3ಎಚ್ ಮತ್ತು ಎಫ್‌ವಿಬಿ ಇಲಿಗಳಲ್ಲಿ ಹುಟ್ಟಿನಿಂದಲೇ ರೆಟಿನಾ ಹಾಳುಮಾಡುವ ಜೀನ್ ದೋಷವಿದೆ. ತಾಯಿಯ ಹಾಲು ಬಿಡುವ ಹೊತ್ತಿಗೆ ಅವು ಹೆಚ್ಚು ಕಡಿಮೆ ಕುರುಡು. ಡಿಬಿಎ/2 ಇಲಿಗಳಿಗೆ ವಯಸ್ಸಾದಂತೆ ಕಣ್ಣಿನ ನರ ಹಾಳುಮಾಡುವ ಗ್ಲಾಕೋಮಾ ಬರುತ್ತದೆ. ಬಾಲ್ಬ್/ಸಿ ಥರದ ಬಿಳಿ ಇಲಿಗಳ ದೃಷ್ಟಿ ಎಳೆ ವಯಸ್ಸಿನಲ್ಲೇ ಅಷ್ಟಕ್ಕಷ್ಟೇ. ಇವನ್ನು ಇಟ್ಟುಕೊಂಡು ವಾಟರ್ ಮೇಝ್‌ನಲ್ಲಿ ನೆನಪು ಅಳೆಯಲು ಹೋಗಬೇಡಿ. ಬಹುತೇಕರು ಬಳಸುವುದು ಕಪ್ಪು ಇಲಿ, ಸಿ57ಬಿಎಲ್/6. ಅದರಲ್ಲೂ ಒಂದು ತೊಡಕಿದೆ. ಹೆಸರಿನ ಕೊನೆಗೆ ಎನ್ ಇರುವ ಉಪತಳಿಯಲ್ಲಿ ಆರ್‌ಡಿ8 ಅನ್ನುವ ರೆಟಿನಾ ದೋಷವಿದೆ, ಜೆ ಇರುವ ಉಪತಳಿಯಲ್ಲಿ ಇಲ್ಲ. ಜೀನ್ ಬದಲಿಸಿದ ಇಲಿಗಳು ಹಲವು ತಲೆಮಾರು ಬೆರೆತು ಬಂದಿದ್ದರೆ ಯಾವುದು ಎಷ್ಟಿದೆ ಅಂತ ಜೀನ್ ಪರೀಕ್ಷೆ ಮಾಡಿಸದೆ ಗೊತ್ತಾಗುವುದಿಲ್ಲ.

ಇನ್ನು ತೊಟ್ಟಿಯಲ್ಲೇ ಮಾಡುವ ಪರೀಕ್ಷೆ. ಮಣೆಯನ್ನು ನೀರಿನ ಮೇಲಕ್ಕೆ ತನ್ನಿ ಅಥವಾ ಅದರ ಮೇಲೆ ಒಂದು ಗಾಢ ಬಣ್ಣದ ಬಾವುಟ ನಿಲ್ಲಿಸಿ. ಸುತ್ತಲೂ ಪರದೆ ಎಳೆದು ಗೋಡೆಯ ಚಿತ್ರಗಳನ್ನು ಮುಚ್ಚಿ. ಪ್ರತಿ ಟ್ರಯಲ್‌ಗೂ ಮಣೆಯ ಜಾಗ ಬದಲಿಸಿ. ಈಗ ಜಾಗ ನೆನಪಿಟ್ಟು ಲಾಭವಿಲ್ಲ, ಬಾವುಟ ನೋಡಿ ಅದರತ್ತ ಈಜಬೇಕು. ಕಣ್ಣಿರುವ, ಈಜಬಲ್ಲ, ಹೊರಬರಲು ಆಸೆಯಿರುವ ಇಲಿ ಒಂದೆರಡು ದಿನದಲ್ಲಿ ನೇರ ಹೋಗಿ ಹತ್ತುತ್ತದೆ. ಹೋಗದ ಇಲಿಯ ಫಲಿತಾಂಶವನ್ನು ನೆನಪಿನ ಲೆಕ್ಕಕ್ಕೆ ಸೇರಿಸಬಾರದು.

ಇದನ್ನು ಮೊದಲು ಮಾಡಬೇಕೋ ಕೊನೆಗೋ? ಎರಡೂ ರೂಢಿಯಲ್ಲಿದೆ. ಮೊದಲು ಮಾಡಿದರೆ ಇಲಿ ಬಾವುಟ ಹುಡುಕುವುದನ್ನೇ ಕಲಿತು, ಆಮೇಲೆ ಬಾವುಟ ಇಲ್ಲದಿದ್ದಾಗ ಗೊಂದಲಪಡಬಹುದು. ಕೊನೆಗೆ ಮಾಡಿದರೆ ಕುರುಡು ಇಲಿಯನ್ನೂ ವಾರಗಟ್ಟಲೆ ಈಜಿಸಿದ ಹಾಗಾಗುತ್ತದೆ. ಮುದಿ ಇಲಿಗಳಿದ್ದರೆ ಮೊದಲೇ ಮಾಡುವುದು ಲೇಸು ಅಂತ ನನ್ನ ಅಭಿಪ್ರಾಯ. ಮಣೆ ಅನ್ನುವುದೊಂದಿದೆ, ಅದನ್ನು ಹತ್ತಿದರೆ ಹೊರಗೆ ಎತ್ತುತ್ತಾರೆ ಅನ್ನುವ ನಿಯಮವನ್ನೂ ಅವು ಇಲ್ಲೇ ಕಲಿಯುತ್ತವೆ. ಎಂಥ ಇಲಿಯನ್ನು ಬಿಟ್ಟುಬಿಡುತ್ತೇವೆ ಅನ್ನುವ ಮಾನದಂಡ ಮಾತ್ರ ಮೊದಲ ಇಲಿ ನೀರಿಗಿಳಿಯುವ ಮುಂಚೆಯೇ ಕಾಗದದಲ್ಲಿರಬೇಕು. ಗ್ರಾಫ್ ನೋಡಿದ ಮೇಲೆ ಯಾರನ್ನು ಬಿಡೋಣ ಅಂತ ಕೂರಬಾರದು.

ಕಾಲು, ಬೊಜ್ಜು, ವೇಗ

ಮಣೆ ಹುಡುಕಲು ತಗುಲಿದ ಸಮಯ ಅನ್ನುವ ಅಳತೆ ಮುದಿ ಇಲಿಗಳ ವಿಷಯದಲ್ಲಿ ತುಂಬ ಮೋಸ ಮಾಡುತ್ತದೆ. ಒಂದು ಲೆಕ್ಕ ನೋಡಿ. ಎಳೆ ಇಲಿ ಸೆಕೆಂಡಿಗೆ 20 ಸೆಂ.ಮೀ. ಈಜುತ್ತದೆ ಅಂದುಕೊಳ್ಳಿ, ಮುದಿ ಇಲಿ 14. ಇಬ್ಬರೂ 400 ಸೆಂ.ಮೀ. ಉದ್ದದ ಒಂದೇ ದಾರಿಯಲ್ಲಿ ಹೋದರು. ಎಳೆಯದಕ್ಕೆ 20 ಸೆಕೆಂಡ್, ಮುದಿಯದಕ್ಕೆ ಸುಮಾರು 29. ನೆನಪು ಒಂದೇ ಇದ್ದರೂ ಗ್ರಾಫಿನಲ್ಲಿ ಮುದಿ ಇಲಿ ಹಿಂದೆ ಬಿದ್ದ ಹಾಗೆ ಕಾಣುತ್ತದೆ.

ಹಾಗಾಗಿ ಸಮಯದ ಬದಲು ದಾರಿಯ ಉದ್ದ ನೋಡಿ. ಮಣೆಯಿಂದ ಪ್ರತಿ ಕ್ಷಣ ಎಷ್ಟು ದೂರವಿತ್ತು ಅನ್ನುವುದನ್ನು ಕೂಡಿಸುವ ಅಳತೆ ಇನ್ನೂ ಸೂಕ್ಷ್ಮ. ಮಿಷೆಲಾ ಗ್ಯಾಲಗರ್ ಮತ್ತು ಸಂಗಡಿಗರು 1993ರಲ್ಲಿ ಮುದಿ ರ್ಯಾಟ್‌ಗಳ ಕೆಲಸಕ್ಕಾಗಿಯೇ ಇದನ್ನು ಬಳಕೆಗೆ ತಂದರು. ಈಗಿನ ಟ್ರ್ಯಾಕಿಂಗ್ ಸಾಫ್ಟ್‌ವೇರ್‌ಗಳಲ್ಲಿ ಇದು ಸಿಗುತ್ತದೆ. ವೇಗವನ್ನೂ ಬೇರೆಯಾಗಿ ವರದಿ ಮಾಡಿ.

ವೇಗ ತೀರಾ ಕಡಿಮೆ ಇದ್ದರೆ ಇಲಿಯನ್ನು ಕೈಗೆತ್ತಿಕೊಂಡು ನೋಡಿ. ಬೊಜ್ಜು ಬಂದಿದೆಯೇ? ಎಷ್ಟು ಬೇಕಾದರೂ ತಿನ್ನಲು ಬಿಟ್ಟ ಗಂಡು ಕಪ್ಪು ಇಲಿಗಳು ವಯಸ್ಸಾದಂತೆ ಚೆನ್ನಾಗಿ ದಪ್ಪಗಾಗುತ್ತವೆ. ಬೊಜ್ಜಿನ ಇಲಿ ಕಷ್ಟವಿಲ್ಲದೆ ತೇಲುತ್ತದೆ, ಈಜುವ ಗರಜು ಅದಕ್ಕಿಲ್ಲ. ಕತ್ತು, ಬೆನ್ನಿನ ಮೇಲೆ ಹುಣ್ಣಿದೆಯೇ? ಈ ತಳಿಯಲ್ಲಿ ಚರ್ಮದ ಹುಣ್ಣು ಮಾಮೂಲು, ನೀರು ತಾಗಿದರೆ ಉರಿಯುತ್ತದೆ. ಹೊಟ್ಟೆಯಲ್ಲಿ ಗಡ್ಡೆ ಕೈಗೆ ಸಿಗುತ್ತದೆಯೇ? ಹಲ್ಲು ಅಡ್ಡ ಬೆಳೆದಿದೆಯೇ? ಹಿಂದಿನ ವಾರಕ್ಕಿಂತ ತೂಕ ಇಳಿದಿದೆಯೇ? ಕಾಯಿಲೆ ಬಿದ್ದ ಇಲಿಯನ್ನು ಪಶುವೈದ್ಯರಿಗೆ ತೋರಿಸಬೇಕು. ತೊಟ್ಟಿಗೆ ಇಳಿಸಬಾರದು.

ಇನ್ನೊಂದು ಸಣ್ಣ ವಿಷಯ, ಆದರೆ ನಾನು ಕಣ್ಣಾರೆ ಕಂಡದ್ದು. ಇಲಿ ಮಣೆಯ ಹತ್ತಿರ ಸರಿಯಾಗಿ ಬಂತು, ಮುಂಗಾಲು ಇಟ್ಟಿತು, ಜಾರಿತು, ಮತ್ತೆ ಇಟ್ಟಿತು, ಜಾರಿತು, ಹೊರಟುಹೋಯಿತು. ಸಾಫ್ಟ್‌ವೇರ್ ಅದನ್ನು ಸೋಲು ಅಂತ ಬರೆಯಿತು. ನುಣುಪಾದ ಅಕ್ರಿಲಿಕ್ ಮಣೆ ಎಳೆ ಇಲಿಗೆ ಸಾಕು, ಕೈಕಾಲಿನ ಬಲ ಕುಂದಿದ ಇಲಿಗೆ ಸಾಲದು. ಮಣೆಯ ಮೇಲೆ ತಂತಿ ಜಾಲರಿ ಕಟ್ಟಿ. ವಿಡಿಯೋವನ್ನು ನೀವೇ ಕೂತು ನೋಡದಿದ್ದರೆ ಈ ತಪ್ಪು ಎಂದಿಗೂ ಸಿಗುವುದಿಲ್ಲ.

ಗೋಡೆ ಹಿಡಿದು ಸುತ್ತುವ ಇಲಿ

ಇದು ಹೆದರಿಕೆಯ ಗುರುತು. ಇಲಿ ತೊಟ್ಟಿಯ ಅಂಚನ್ನು ಬಿಡುವುದೇ ಇಲ್ಲ, ಸುತ್ತು ಸುತ್ತು ಸುತ್ತುತ್ತದೆ. 120 ಸೆಂ.ಮೀ. ತೊಟ್ಟಿಯಲ್ಲಿ ಅಂಚಿನ 10 ಸೆಂ.ಮೀ. ಪಟ್ಟಿಯೇ ಒಟ್ಟು ಜಾಗದ ಸುಮಾರು 31% ಆಗುತ್ತದೆ. ಸುಮ್ನೆ ಅಲೆಯುವ ಇಲಿಯೂ ಅಷ್ಟು ಹೊತ್ತು ಅಲ್ಲಿರುತ್ತದೆ. ಅದಕ್ಕಿಂತ ತುಂಬ ಜಾಸ್ತಿ ಇದ್ದರೆ, ಅದೂ ಮೂರನೇ ದಿನ ದಾಟಿದರೂ ಇಳಿಯದಿದ್ದರೆ, ಇಲಿ ಇನ್ನೂ ಹುಡುಕಲು ಶುರುವೇ ಮಾಡಿಲ್ಲ ಅಂತ ಅರ್ಥ. ಮಧ್ಯದಲ್ಲಿ ಹೊರಬರುವ ದಾರಿ ಇದೆ ಅನ್ನುವುದೇ ಅದಕ್ಕೆ ಗೊತ್ತಿಲ್ಲ.

ಕಾರಣ ಬಹಳ ಸಲ ನಮ್ಮ ಕೈಯಲ್ಲೇ ಇರುತ್ತದೆ. ಜೇನ್ ಹರ್ಸ್ಟ್ ಮತ್ತು ರೆಬೆಕಾ ವೆಸ್ಟ್ 2010ರಲ್ಲಿ ತೋರಿಸಿದ ಹಾಗೆ, ಬಾಲ ಹಿಡಿದು ಎತ್ತಿದ ಇಲಿಗಳಲ್ಲಿ ಆತಂಕ ಜಾಸ್ತಿ. ಕೊಳವೆಯೊಳಗೆ ಹೊಕ್ಕಿಸಿಯೋ ಬೊಗಸೆಯಲ್ಲೋ ಎತ್ತಿದವುಗಳಲ್ಲಿ ಕಡಿಮೆ. ಒಂದು ಪಾರದರ್ಶಕ ಕೊಳವೆಯನ್ನು ಪಂಜರದಲ್ಲೇ ಇಟ್ಟುಬಿಡಿ, ಇಲಿ ತಾನೇ ಒಳಗೆ ಹೋಗಿ ಕೂರುತ್ತದೆ. ಪರೀಕ್ಷೆಗೆ ಒಂದು ವಾರ ಮುಂಚಿನಿಂದ ದಿನಕ್ಕೆ ಎರಡು ನಿಮಿಷ ಕೈಗೆ ಅಭ್ಯಾಸ ಮಾಡಿಸಿ. ನೀರಿಗೆ ಬಿಡುವಾಗ ಮೇಲಿನಿಂದ ಹಾಕದೆ, ಗೋಡೆಗೆ ಮುಖಮಾಡಿಸಿ ಮೆಲ್ಲಗೆ ಇಳಿಸಿ. ಮಣೆ ಸಿಗದಿದ್ದಾಗ ಬೆರಳು ತೋರಿಸಿ ಕರೆದೊಯ್ಯಿರಿ, ಅಲ್ಲಿ 15 ಸೆಕೆಂಡ್ ಕೂರಲು ಬಿಡಿ. ಸುತ್ತ ನೋಡಿ ಜಾಗ ಗುರುತಿಟ್ಟುಕೊಳ್ಳುವುದು ಆ 15 ಸೆಕೆಂಡಿನಲ್ಲೇ.

ಇಲಿ ಎತ್ತುವ ಕೈ ಪರೀಕ್ಷೆಯ ಮಧ್ಯದಲ್ಲಿ ಬದಲಾಗದಿರಲಿ. ಗಂಡಸರ ವಾಸನೆಗೆ ಇಲಿಗಳ ಮೈಯಲ್ಲಿ ಒತ್ತಡ ಏರುತ್ತದೆ ಅಂತ 2014ರಲ್ಲಿ ಕೆನಡಾದ ಒಂದು ತಂಡ ತೋರಿಸಿತು. ಅಂದರೆ ಸೋಮವಾರ ಒಬ್ಬರು, ಗುರುವಾರ ಇನ್ನೊಬ್ಬರು ಅಂತ ಡ್ಯೂಟಿ ಹಂಚಿಕೊಂಡರೆ ಅದೂ ಗ್ರಾಫಿನಲ್ಲಿ ಕಾಣಬಹುದು. ದೀಪಾವಳಿಯ ವಾರದಲ್ಲಿ ಪರೀಕ್ಷೆ ಇಟ್ಟುಕೊಳ್ಳಲೇಬೇಡಿ. ಸಿ57 ಇಲಿಗಳ ಕಿವಿ ವಯಸ್ಸಾದಂತೆ ಮಂದವಾಗುತ್ತದೆ. ಪಟಾಕಿ ಸದ್ದಿಗೆ ಎಳೆ ಇಲಿಗಳು ಬೆಚ್ಚಿಬೀಳುತ್ತವೆ, ಮುದಿಯವು ಅಷ್ಟಾಗಿ ಬೆಚ್ಚುವುದಿಲ್ಲ. ಎರಡು ಗುಂಪುಗಳ ಹೋಲಿಕೆ ಅಲ್ಲಿಗೆ ಕೆಟ್ಟಿತು.

ಕೋಣೆ ಮತ್ತು ಕ್ಯಾಮೆರಾ

ಎಳೆ ಇಲಿಗಳೂ ಕಲಿಯುತ್ತಿಲ್ಲವೇ? ಹಾಗಾದರೆ ವಯಸ್ಸಿನ ಮಾತು ಬಿಡಿ, ದೋಷ ಕೋಣೆಯಲ್ಲಿದೆ. ಗೋಡೆಯ ಚಿತ್ರಗಳು ಚಿಕ್ಕದಾಗಿರಬಹುದು, ಒಂದಕ್ಕೊಂದು ಹೋಲುತ್ತಿರಬಹುದು. ದೊಡ್ಡವು ಬೇಕು, ಗಾಢ ಕಪ್ಪು ಬಿಳುಪು ಬೇಕು, ನಾಲ್ಕೂ ಕಡೆ ಬೇರೆಬೇರೆ ಆಕಾರ ಬೇಕು. ನೀರಿನ ಮೇಲೆ ಟ್ಯೂಬ್‌ಲೈಟ್ ಹೊಳೆಯುತ್ತಿದ್ದರೆ ಬೆಳಕನ್ನು ಗೋಡೆಯತ್ತ ತಿರುಗಿಸಿ. ನೀವು ನಿಲ್ಲುವ ಜಾಗವೂ ಇಲಿಗೆ ಒಂದು ಗುರುತೇ, ದಿನವೂ ಅಲ್ಲೇ ನಿಲ್ಲಿ.

ಟ್ರ್ಯಾಕಿಂಗ್ ತಪ್ಪನ್ನು ಹಿಡಿಯುವುದು ಸುಲಭ. ದಾರಿಯ ಗೆರೆ ಒಮ್ಮೆಲೇ ತೊಟ್ಟಿಯ ಆಚೆ ಬದಿಗೆ ಜಿಗಿದಿದ್ದರೆ ಸಾಫ್ಟ್‌ವೇರ್ ಇಲಿಯನ್ನು ಬಿಟ್ಟು ಬೆಳಕಿನ ಹೊಳಪನ್ನು ಹಿಡಿದಿದೆ. ಬಿಳಿ ಇಲಿಯನ್ನು ಬಿಳಿ ನೀರಲ್ಲಿ ಬಿಟ್ಟರೂ ಇದೇ ಪಾಡು. ಕಪ್ಪು ಇಲಿಗಳ ಕೂದಲೂ ಕೆಲವೊಮ್ಮೆ ವಯಸ್ಸಾದಂತೆ ಬೂದಿ ಬಣ್ಣಕ್ಕೆ ತಿರುಗುತ್ತದೆ. ಎಳೆ ಇಲಿಗಳಿಗೆ ಹೊಂದಿಸಿದ ಸೆಟ್ಟಿಂಗ್ ಮುದಿ ಇಲಿಗಳಲ್ಲಿ ತಪ್ಪಬಹುದು. ಕ್ಯಾಮೆರಾ ಅಲುಗಿದೆಯೇ ಅಂತ ತಿಳಿಯಲು ಪ್ರತಿ ಬೆಳಗ್ಗೆ ಒಂದು ಮೀಟರ್ ಕೋಲನ್ನು ತೊಟ್ಟಿಗೆ ಅಡ್ಡ ಇಟ್ಟು ಅಳೆಯಿರಿ.

ಪ್ರೋಬ್ ಟ್ರಯಲ್ ಓದುವಾಗ

ಇಷ್ಟೆಲ್ಲ ದಾಟಿ ಬಂದ ಇಲಿಯ ಪ್ರೋಬ್ ಮಾತ್ರ ನಂಬಬಹುದು. ತೊಟ್ಟಿಯನ್ನು ನಾಲ್ಕು ಸಮಭಾಗ ಮಾಡಿ, ಮಣೆ ಇದ್ದ ಕಾಲುಭಾಗದಲ್ಲಿ ಎಷ್ಟು ಹೊತ್ತು ಕಳೆಯಿತು ಅಂತ ನೋಡುತ್ತೇವೆ. ಏನೂ ನೆನಪಿಲ್ಲದ ಇಲಿಯೂ ಅಲ್ಲಿ 25% ಹೊತ್ತು ಇರುತ್ತದೆ. 28% ಬಂದರೆ ಖುಷಿಪಡುವಂಥದ್ದೇನಿಲ್ಲ. ಮಣೆಯ ಅಗಲ 10 ಸೆಂ.ಮೀ. ಇದ್ದರೆ ಅದು ತೊಟ್ಟಿಯ 0.7% ಮಾತ್ರ. ಅದರ ಮೇಲೆ ಹಾದುಹೋದ ಸಲಗಳನ್ನು ಎಣಿಸುವುದು ತೀರಾ ಒರಟು ಅಳತೆ, ಸೊನ್ನೆ, ಒಂದು, ಎರಡರಲ್ಲೇ ಮುಗಿದುಹೋಗುತ್ತದೆ. ಮಣೆಯ ಸುತ್ತ 30 ಸೆಂ.ಮೀ. ಅಗಲದ ವೃತ್ತ ಹಾಕಿ ನೋಡಿ. ಅದು ತೊಟ್ಟಿಯ 6% ಚಿಲ್ಲರೆ, ಹೋಲಿಕೆಗೆ ಅನುಕೂಲ.

60 ಸೆಕೆಂಡ್ ಪೂರ್ತಿ ಕೂಡಿಸುವ ಮೊದಲು ಮೊದಲ 30 ಸೆಕೆಂಡನ್ನು ಬೇರೆ ನೋಡಿ. ಚೆನ್ನಾಗಿ ಕಲಿತ ಇಲಿ ನೇರ ಅಲ್ಲಿಗೆ ಹೋಗುತ್ತದೆ, ಮಣೆ ಇಲ್ಲ ಅಂತ ತಿಳಿದು ಬೇರೆ ಕಡೆ ಹುಡುಕಲು ಹೊರಡುತ್ತದೆ. ಬುದ್ಧಿವಂತ ಇಲಿಗೆ ಕಡಿಮೆ ಅಂಕ ಬರುವುದು ಹೀಗೆ.

ಮತ್ತೆ, ಮುದಿ ಇಲಿಗಳನ್ನು ಒಂದು ಗುಂಪು ಅಂತ ಸರಾಸರಿ ಮಾಡಿ ಮುಗಿಸಬೇಡಿ. ಒಂದೇ ವಯಸ್ಸಿನಲ್ಲಿ ಕೆಲವು ಎಳೆಯವುಗಳಷ್ಟೇ ಚುರುಕು, ಕೆಲವು ಪೂರ್ತಿ ಮರೆತಿರುತ್ತವೆ. ಪ್ರತಿ ಇಲಿಗೂ ಗ್ರಾಫಿನಲ್ಲಿ ಒಂದು ಚುಕ್ಕಿ ಇರಲಿ.

ನೀರೇ ಆಗದಿದ್ದರೆ

ಚಳಿ ತಡೆಯದ, ತೇಲುವ ಇಲಿಗಳೇ ಜಾಸ್ತಿಯಿದ್ದರೆ ಬಾರ್ನ್ಸ್ ಮೇಝ್ ಯೋಚಿಸಿ. ಕ್ಯಾರಲ್ ಬಾರ್ನ್ಸ್ 1979ರಲ್ಲಿ ಮುದಿ ರ್ಯಾಟ್‌ಗಳನ್ನು ಪರೀಕ್ಷಿಸಲೆಂದೇ ಬಳಸಿದ ದುಂಡು ಹಲಗೆ ಇದು. ಅಂಚಿನಲ್ಲಿ ಸುತ್ತಲೂ ತೂತುಗಳು, ಇಲಿಗಳಿಗಾದರೆ ಸಾಮಾನ್ಯವಾಗಿ 20. ಒಂದರ ಕೆಳಗೆ ಮಾತ್ರ ಅಡಗುವ ಪೆಟ್ಟಿಗೆ. ಈಜುವ ಕಷ್ಟವಿಲ್ಲ. ಇದರದ್ದೇ ದೋಷಗಳು ಬೇರೆ. ಮುದಿ ಇಲಿ ನಡುವೆ ಸುಮ್ನೆ ಕೂತುಬಿಡುತ್ತದೆ, ಹೋಗುವ ತುರ್ತು ಇಲ್ಲ. ಬಜರ್ ಹಾಕಿದರೆ ಮಂದ ಕಿವಿಗೆ ಕೇಳುವುದಿಲ್ಲ, ಪ್ರಖರ ಬೆಳಕನ್ನೇ ನಂಬಬೇಕು, ಅದಕ್ಕೂ ಕಣ್ಣು ಬೇಕು. ಹಿಂದಿನ ಇಲಿಯ ವಾಸನೆ ಹಿಡಿದು ಹೋಗದಂತೆ ಪ್ರತಿ ಸಲ 70% ಆಲ್ಕೋಹಾಲ್‌ನಿಂದ ಒರೆಸಿ, ಹಲಗೆಯನ್ನು ತಿರುಗಿಸಿ, ಪೆಟ್ಟಿಗೆಯನ್ನು ಮಾತ್ರ ಅದೇ ದಿಕ್ಕಿನಲ್ಲಿ ಉಳಿಸಿ. ಸರಿಯಾದ ತೂತಿಗೆ ಬಂದು, ಇಣುಕಿ, ಒಳಗೆ ಹೋಗದೆ ತಿರುಗಾಡುವ ಇಲಿಗಳಿರುತ್ತವೆ. ಅದಕ್ಕೆ ಜಾಗ ಗೊತ್ತಿದೆ. ಹಾಗಾಗಿ ಒಳಹೋದ ಸಮಯ ಬಿಟ್ಟು ಮೊದಲ ಸಲ ಇಣುಕಿದ ಸಮಯ, ಅದಕ್ಕೆ ಮುಂಚಿನ ತಪ್ಪು ತೂತುಗಳನ್ನು ಎಣಿಸಿ. ಹಲಗೆ ನೆಲದಿಂದ ಎತ್ತರದಲ್ಲಿರುತ್ತದೆ, ಮುದಿ ಇಲಿ ಜಾರಿ ಬೀಳದಂತೆ ಒಬ್ಬರು ಹತ್ತಿರವೇ ಇರಬೇಕು.

ನಮ್ಮ ಆ 11 ಇಲಿಗಳ ಕಥೆ ಅರ್ಧಕ್ಕೆ ಬಿಟ್ಟಿದ್ದೆ. ಮೊದಲ ಐದು ದಿನದ ಅಂಕಿಗಳನ್ನು ಪಕ್ಕಕ್ಕಿಟ್ಟೆವು. ಒಮ್ಮೆ ತೊಟ್ಟಿ ಕಂಡ ಇಲಿಗಳನ್ನು ಹೊಸವು ಅಂತ ಹೇಳಲಾಗದು, ಅದನ್ನು ವರದಿಯಲ್ಲಿ ಹಾಗೆಯೇ ಬರೆದೆವು. ಸಮಿತಿಯ ಒಪ್ಪಿಗೆ ಪಡೆದು, ಎಳೆ ಮುದಿ ಎರಡೂ ಗುಂಪುಗಳನ್ನು ಮೂರು ವಾರದ ಬಿಡುವಿನ ನಂತರ ಬೇರೆ ಕೋಣೆಯಲ್ಲಿ, ಬೇರೆ ಚಿತ್ರಗಳ ನಡುವೆ, 24 ಡಿಗ್ರಿ ನೀರಿನಲ್ಲಿ, ಸರದಿ ಬೆರೆಸಿ ಮತ್ತೆ ಪರೀಕ್ಷಿಸಿದೆವು. ಬಾವುಟದ ಪರೀಕ್ಷೆಯಲ್ಲಿ ಎರಡು ಮುದಿ ಇಲಿಗಳು ಸೋತವು. ಟಾರ್ಚ್ ಹಿಡಿದು ನೋಡಿದರೆ ಎರಡಕ್ಕೂ ಕಣ್ಣಲ್ಲಿ ಪೊರೆ. ಉಳಿದ ಒಂಬತ್ತರಲ್ಲಿ ಆರು, ಎಳೆಯವುಗಳಿಗಿಂತ ನಿಧಾನವಾಗಿಯಾದರೂ, ಮಣೆಯ ಜಾಗ ಕಲಿತವು. ಮೂರು ಕಲಿಯಲಿಲ್ಲ. ಆ ಮೂರೂ ಬಾವುಟದತ್ತ ನೇರ ಈಜಿದ್ದವು. ವೇಗ ಉಳಿದವುಗಳಷ್ಟೇ ಇತ್ತು. ಗೋಡೆ ಬಿಟ್ಟು ತೊಟ್ಟಿಯ ತುಂಬ ಹುಡುಕಿದ್ದವು. ನಾಲ್ಕನೇ ಟ್ರಯಲ್‌ನಲ್ಲೂ ತೇಲಿರಲಿಲ್ಲ. ಪ್ರೋಬ್‌ನಲ್ಲಿ ಮಾತ್ರ ನಾಲ್ಕೂ ಕಾಲುಭಾಗಗಳಲ್ಲಿ ಸಮನಾಗಿ ಅಲೆದವು. ಆ ಮೂರರ ಹೆಸರಿನ ಮುಂದೆ ಮಾತ್ರ "ಜಾಗದ ನೆನಪು ಕುಂದಿದೆ" ಅಂತ ಬರೆದೆವು.